ಕಣ್ಣು ಕೈಕೊಟ್ಟ ಬೆಟ್ಟ

ಮೊದಲು ಕಿವಿಗೆ ಬಿದ್ದದ್ದು ಗಂಟೆ. ಗುಡಿಯ ಗಂಟೆಯಲ್ಲ, ಎತ್ತಿನ ಕೊರಳಿನದೂ ಅಲ್ಲ. ಬೆನ್ನಚೀಲಕ್ಕೆ ಕಟ್ಟಿದ ಸಣ್ಣ ಗಂಟೆ, ಹೆಜ್ಜೆಗೊಂದು ಸಲ ಕಿಣಿ ಅನ್ನುತ್ತದೆ, ನಡೆಯುವವ ಉಸಿರು ಎಳೆದುಕೊಳ್ಳಲು ನಿಂತರೆ ತಾನೂ ಸುಮ್ಮನಾಗುತ್ತದೆ. ಅದರ ಹಿಂದೆ ಕಲ್ಲಿನ ಮೇಲೆ ಊರುಗೋಲು ಕುಟ್ಟುವ ಸದ್ದು, ಅದರ ಹಿಂದೆ ಇನ್ನೊಂದು ಊರುಗೋಲು. ಹುಬ್ಬಳ್ಳಿಯಲ್ಲಿ ತಂಗಿಯ ಮನೆ, ಮಳೆಗಾಲದ ಒಂದು ಭಾನುವಾರ. ತಂಗಿಯ ಮಗಳು ಲ್ಯಾಪ್‌ಟಾಪಿನಲ್ಲಿ ಹಾಕಿದ ಸಾಕ್ಷ್ಯಚಿತ್ರ ಅದು. “ಮಾಮಾ, ನಿನ್ನಂಥವರದ್ದೇ ಸಿನಿಮಾ” ಅಂದಿದ್ದಳು.

ನಾನು ದಡಾರದಲ್ಲಿ ಕಣ್ಣು ಕಳಕೊಂಡವ, ಆಗ 9 ವರ್ಷ. ಊರು ಹಾನಗಲ್ಲ ತಾಲೂಕಿನದು. ದುಡಿಮೆಯ ವರ್ಷಗಳನ್ನೆಲ್ಲ ಬ್ರೈಲ್ ಪುಸ್ತಕಗಳ ಕರಡು ತಿದ್ದುವುದರಲ್ಲಿ ಕಳೆದೆ. ಕಣ್ಣಿದ್ದ ಜೊತೆಗಾರ ಮೂಲ ಪುಸ್ತಕ ಹಿಡಿದು ಜೋರಾಗಿ ಓದುತ್ತಿದ್ದ, ನಾನು ಬೆರಳಲ್ಲಿ ಹಾಳೆ ಸವರುತ್ತ ಎಲ್ಲಿ ಚುಕ್ಕೆ ತಪ್ಪಿದೆ ಎಂದು ಹಿಡಿಯುತ್ತಿದ್ದೆ. ಹೀಗಾಗಿ ಯಾರಾದರೂ ಓದಿ ಹೇಳಿದ್ದನ್ನು ಕೇಳುವಾಗ ತಪ್ಪು ಹುಡುಕುವ ಚಟ ಇನ್ನೂ ಬಿಟ್ಟಿಲ್ಲ. ಸೊಸೆ ಚಿತ್ರ ನೋಡುತ್ತ ಹೇಳುತ್ತ ಹೋದಳು. ಹುಡುಗರು ಟಿಬೆಟಿ ಮಾತಾಡುತ್ತಿದ್ದರು, ಅಡಿಬರಹ ಇಂಗ್ಲಿಷಿನದು, ಅವಳ ಬಾಯಿಂದ ಬರುತ್ತಿದ್ದದ್ದು ಹುಬ್ಬಳ್ಳಿ ಕನ್ನಡ. ಮೂರು ಮಡಿ ಸೋಸಿ ಬಂದ ಮಾತು. ಗಂಟೆಯ ಸದ್ದೊಂದೇ ನನಗೆ ನೇರವಾಗಿ ಬಂದದ್ದು.

ಚಿತ್ರದ ಹೆಸರು ‘ಬ್ಲೈಂಡ್‌ಸೈಟ್’, ತೆಗೆದವಳು ಲೂಸಿ ವಾಕರ್ ಎಂಬ ಬ್ರಿಟಿಷ್ ನಿರ್ದೇಶಕಿ, ವರ್ಷ 2006. ಲಾಸಾದ ಅಂಧರ ಶಾಲೆಯ ಆರು ಮಂದಿ ಹುಡುಗ ಹುಡುಗಿಯರು, ಎಲ್ಲ ಹದಿಹರೆಯದವರು, 2004ರಲ್ಲಿ ಎವರೆಸ್ಟಿನ ಮಗ್ಗುಲಿನ ಲಕ್ಪಾ ರಿ ಎಂಬ ಶಿಖರ ಹತ್ತಲು ಹೊರಡುತ್ತಾರೆ. ಎತ್ತರ 7,045 ಮೀಟರು. ದಾರಿ ತೋರುವವನು ಅಮೆರಿಕದ ಎರಿಕ್ ವೈಹೆನ್‌ಮೇಯರ್. ಇವನೂ ಕುರುಡ. 2001ರ ಮೇ 25ರಂದು ಎವರೆಸ್ಟ್ ತುದಿ ಮುಟ್ಟಿದ ಮೊದಲ ಕುರುಡ. ಶಾಲೆ ಕಟ್ಟಿದವಳು ಜರ್ಮನಿಯ ಸಾಬ್ರಿಯೆ ಟೆನ್‌ಬರ್ಕೆನ್. ಅವಳೂ ಕುರುಡಿ. (ನಮ್ಮ ಸಂಘದ ಕಿರಿಯರು ಈ ಪದ ಬಳಸಿದರೆ ಸಿಡುಕುತ್ತಾರೆ. ನನಗೆ ‘ದೃಷ್ಟಿವಿಕಲಚೇತನ’ ಅಂತ ಹೇಳಿ ಮುಗಿಸುವಷ್ಟರಲ್ಲಿ ಬಸ್ಸು ಹೋಗಿರುತ್ತದೆ.)

ಸೊಸೆಗೆ ಆಶ್ಚರ್ಯವೋ ಆಶ್ಚರ್ಯ. ಕಣ್ಣಿಲ್ಲದವರು ಅಂಥ ಬೆಟ್ಟಕ್ಕೆ! ನನಗೆ ಅಷ್ಟು ಆಶ್ಚರ್ಯವಾಗಲಿಲ್ಲ. ಕರಡು ತಿದ್ದುವ ದಿನಗಳಲ್ಲಿ ಊಟದ ಬಿಡುವಿಗೆ ನನ್ನ ಜೊತೆಗಾರ ಪರ್ವತಾರೋಹಣದ ಹಳೆಯ ಪುಸ್ತಕಗಳನ್ನು ಓದಿ ಹೇಳುತ್ತಿದ್ದ. ಗದುಗಿನಿಂದಾಚೆ ಉತ್ತರಕ್ಕೆ ಹೋದವನಲ್ಲ ಅವನು, ಹಿಮದ ಹುಚ್ಚು ಮಾತ್ರ ಭಾರಿ. ಅವನಿಂದ ಕೇಳಿದ್ದೆಲ್ಲ ಕೂಡಿಸಿದರೆ ಆ ಬೆಟ್ಟದ ಚರಿತ್ರೆ ಉದ್ದಕ್ಕೂ ಕಣ್ಣು ಕೈಕೊಟ್ಟ ಚರಿತ್ರೆಯೇ. ಆರು ಮಕ್ಕಳು ಅಲ್ಲಿಗೆ ಕುರುಡನ್ನು ಹೊತ್ತುಕೊಂಡು ಹೋಗಲಿಲ್ಲ. ಅದು ಅಲ್ಲೇ ಬಿಡಾರ ಹಾಕಿಕೊಂಡಿತ್ತು.

ಲಕ್ಪಾ ರಿಯ ಕಥೆಯನ್ನೇ ತೆಗೆದುಕೊಳ್ಳಿ. 1921ರಲ್ಲಿ ಬ್ರಿಟಿಷರ ಮೊದಲ ತಂಡ ಡಾರ್ಜಿಲಿಂಗಿನಿಂದ ಹೊರಟು ಟಿಬೆಟ್ ಸುತ್ತಿ ಎವರೆಸ್ಟಿನ ಬುಡಕ್ಕೆ ಬಂತು. ನಾಯಕ ಹೊವರ್ಡ್-ಬರಿ. ಹತ್ತುವವರಲ್ಲಿ ಮುಖ್ಯ ಜಾರ್ಜ್ ಮ್ಯಾಲರಿ, ಅವನ ಜೊತೆಗೆ ಬುಲ್ಲಕ್. ಅವರು ಹುಡುಕುತ್ತಿದ್ದದ್ದು ನಾರ್ತ್ ಕೋಲ್‌ಗೆ ದಾರಿ. ಎವರೆಸ್ಟಿಗೂ ಅದರ ಉತ್ತರದ ಶಿಖರಕ್ಕೂ ನಡುವೆ ಕುದುರೆಯ ಬೆನ್ನಿನ ಹಾಗೆ ತಗ್ಗಾಗಿರುವ ಜಾಗ ಅದು, ಎತ್ತರ ಸುಮಾರು 7,000 ಮೀಟರು. ಅಲ್ಲಿ ಕಾಲಿಟ್ಟರೆ ಮೇಲಿನ ಏರು ಸಿಕ್ಕಂತೆ. ರೊಂಗ್‌ಬುಕ್ ಹಿಮನದಿಯ ಕಣಿವೆಯಲ್ಲಿ ಒಂದು ತಿಂಗಳು ಅಲೆದರು. ಆ ಕಣಿವೆಯ ಪೂರ್ವದ ಗೋಡೆಯಲ್ಲಿ ಇಕ್ಕಟ್ಟಾದ ಒಂದು ಸಂದು ಇದೆ, ಅದರಿಂದ ಒಂದು ಹೊಳೆ ಇಳಿದು ಬರುತ್ತದೆ. ಮ್ಯಾಲರಿ ಅದನ್ನು ಕಂಡ. ಇಷ್ಟು ಸಣ್ಣ ಸಂದಿನ ಹಿಂದೆ ದೊಡ್ಡದೇನಿದ್ದೀತು ಎಂದು ಬಿಟ್ಟುಬಿಟ್ಟ. ಆ ಸಂದಿನ ಹಿಂದೆಯೇ ಪೂರ್ವ ರೊಂಗ್‌ಬುಕ್ ಹಿಮನದಿ, ನೇರ ನಾರ್ತ್ ಕೋಲ್ ಬುಡಕ್ಕೆ ಹೋಗುವ ಹೆದ್ದಾರಿ.

ಅದೇ ಬೇಸಿಗೆಯಲ್ಲಿ ಇನ್ನೊಂದು ಎಡವಟ್ಟು. ಮ್ಯಾಲರಿ ಕಷ್ಟಪಟ್ಟು ಎತ್ತರೆತ್ತರಕ್ಕೆ ಹೊತ್ತುಕೊಂಡು ಹೋಗಿ ತೆಗೆದ ಫೋಟೋಗಳು ಒಂದೂ ಮೂಡಲಿಲ್ಲ. ಕ್ಯಾಮೆರಾದೊಳಗೆ ಗಾಜಿನ ಪ್ಲೇಟುಗಳನ್ನು ಹಿಂದುಮುಂದಾಗಿ ತೂರಿಸಿದ್ದ. ಬ್ರೈಲ್ ಹಾಳೆಯನ್ನು ತಿರುವಿ ಹಾಕಿ ಓದಲು ಕೂತವನ ಪಾಡು ನನಗೆ ಗೊತ್ತು, ಆದ್ದರಿಂದ ನಗುವುದಿಲ್ಲ. ನಮ್ಮಲ್ಲಿ ಸ್ಲೇಟಿನ ಮೇಲೆ ಬರೆಯುವುದು ಬಲದಿಂದ ಎಡಕ್ಕೆ, ಓದುವುದು ಎಡದಿಂದ ಬಲಕ್ಕೆ. ಕನ್ನಡಿ ಬರಹ ಮೊದಲ ವರ್ಷ ಎಲ್ಲರನ್ನೂ ಅಳಿಸುತ್ತದೆ.

ಸಂದು ತಪ್ಪಿದ್ದರಿಂದ ತಂಡ ಬೆಟ್ಟವನ್ನು ಬಳಸಿಕೊಂಡು ಪೂರ್ವದ ಖಾರ್ತಾ ಕಣಿವೆಗೆ ಹೋಯಿತು. ಅಲ್ಲಿಂದ ಮೇಲೇರಿ ಆಗಸ್ಟಿನಲ್ಲಿ ಒಂದು ಎತ್ತರದ ಕಣಿವೆದಾರಿ ಮುಟ್ಟಿತು. ಅದೇ ಲಕ್ಪಾ ಲಾ. ಟಿಬೆಟಿಯಲ್ಲಿ ‘ಲಾ’ ಅಂದರೆ ನಮ್ಮ ಘಾಟಿ, ‘ರಿ’ ಅಂದರೆ ಬೆಟ್ಟ. ಗಾಳಿಯ ಘಾಟಿ, ಅದರ ಪಕ್ಕ ಎದ್ದು ನಿಂತದ್ದು ಗಾಳಿಯ ಬೆಟ್ಟ. ಹೆಸರು ಸುಮ್ಮನೆ ಇಟ್ಟದ್ದಲ್ಲ, ಸೆಪ್ಟೆಂಬರಿನಲ್ಲಿ ಅಲ್ಲಿ ಡೇರೆ ಹಾಕಿದ ರಾತ್ರಿ ಚಳಿಗೂ ಗಾಳಿಗೂ ತಂಡದ ಬಲ ಅರ್ಧ ಸೋರಿಹೋಯಿತು. ಮ್ಯಾಲರಿ, ಬುಲ್ಲಕ್, ವೀಲರ್ ಮತ್ತು ಮೂವರು ಹೊರೆಯಾಳುಗಳು ಆ ಘಾಟಿಯಿಂದ ಇಳಿದು, ಎದುರಿನ ಹಿಮನದಿ ದಾಟಿ, ಸೆಪ್ಟೆಂಬರ್ 24ರಂದು ನಾರ್ತ್ ಕೋಲ್ ಮುಟ್ಟಿ, ಗಾಳಿಗೆ ಸೋತು ವಾಪಸಾದರು. ವೀಲರ್ ಕೆನಡಾದವ, ಭೂಮಾಪನದವ. ಆ ಸಂದನ್ನು ಹಿಡಿದು ಒಳಹೊಕ್ಕು ಪೂರ್ವ ರೊಂಗ್‌ಬುಕ್ಕಿನ ನಕಾಶೆ ಬರೆದವನು ಅವನೇ. ಶಿಖರದ ಕಡೆ ಕತ್ತೆತ್ತಿ ನಿಂತವರಿಗೆ ಕಾಣದ್ದು, ಕೋನ ಹಿಡಿದು ಅಂಗುಲ ಅಂಗುಲ ಅಳೆಯುವವನಿಗೆ ಸಿಕ್ಕಿತು. ನಾನು ಯಾವತ್ತೂ ವೀಲರನ ಪಕ್ಷ. ಊರುಗೋಲಿನವರು ಲೋಕವನ್ನು ಅಳೆಯುವುದೂ ಹಾಗೆಯೇ, ಒಂದು ಸಲಕ್ಕೆ ಒಂದು ಗೇಣು.

ಆಮೇಲೆ ಟಿಬೆಟಿನ ಕಡೆಯಿಂದ ಬಂದ ಬ್ರಿಟಿಷ್ ತಂಡಗಳು ವೀಲರನ ಸಂದಿನ ದಾರಿಯನ್ನೇ ಹಿಡಿದವು. 2004ರಲ್ಲಿ ಗಂಟೆಯ ಹಿಂದೆ ಆ ಆರು ಮಕ್ಕಳು ನಡೆದದ್ದೂ ಅದೇ ದಾರಿಯಲ್ಲಿ.

ಈಗ 1924ಕ್ಕೆ ಬರುತ್ತೇನೆ. ನನ್ನ ಜೊತೆಗಾರ ಇದನ್ನು ಮೂರು ಊಟದ ಬಿಡುವುಗಳಲ್ಲಿ ಓದಿದ್ದ, ರೊಟ್ಟಿ ತಣ್ಣಗಾಗಿತ್ತು. ಆ ವರ್ಷದ ತಂಡದ ನಾಯಕ ಎಡ್ವರ್ಡ್ ನಾರ್ಟನ್, ಸೈನ್ಯದವ. ಜೂನ್ 4ರಂದು ಅವನೂ ಡಾಕ್ಟರ್ ಸಾಮರ್ವೆಲ್ಲನೂ ಆಮ್ಲಜನಕದ ಸಿಲಿಂಡರ್ ಇಲ್ಲದೆ ಮೇಲಕ್ಕೆ ಹೊರಟರು. ಸಾಮರ್ವೆಲ್ಲನ ಗಂಟಲು ಕಟ್ಟಿ ಅವನು ಕೂತುಬಿಟ್ಟ. ನಾರ್ಟನ್ ಒಬ್ಬನೇ ಮುಂದೆ ಹೋಗಿ 8,570 ಮೀಟರಿನವರೆಗೆ ಮುಟ್ಟಿ ತಿರುಗಿದ. ಆಮ್ಲಜನಕವಿಲ್ಲದೆ ಅದಕ್ಕಿಂತ ಮೇಲೆ ಹೋಗಿ ಬಂದ ದಾಖಲೆ ಮತ್ತೆ ಆದದ್ದು 1978ರಲ್ಲಿ, ಮೆಸ್ನರ್ ಮತ್ತು ಹಾಬೆಲರ್ ಶಿಖರವನ್ನೇ ಮುಟ್ಟಿದಾಗ. ಇಷ್ಟು ದೊಡ್ಡ ಕೆಲಸ ಮಾಡಿದ ನಾರ್ಟನ್ ಒಂದು ಸಣ್ಣ ತಪ್ಪು ಮಾಡಿದ್ದ. ಬಂಡೆಯ ಮೇಲೆ ಹೆಜ್ಜೆ ಸರಿಯಾಗಿ ಕಾಣಲೆಂದು ಕರಿಗಾಜಿನ ಕನ್ನಡಕ ತೆಗೆದಿದ್ದ. ಕಾಲಡಿ ಹಿಮವಿಲ್ಲ, ಕಪ್ಪು ಕಲ್ಲು, ಏನಾದೀತು ಎಂಬ ಲೆಕ್ಕ.

ಆ ಎತ್ತರದಲ್ಲಿ ಲೆಕ್ಕ ಬೇರೆ. ಸಾವಿರ ಮೀಟರು ಏರಿದಂತೆಲ್ಲ ಬಿಸಿಲಿನ ಅತಿನೇರಳೆ ಕಿರಣ ನೂರಕ್ಕೆ ಹತ್ತರಷ್ಟು ಹೆಚ್ಚುತ್ತದೆ. ಹೊಸ ಹಿಮ ಬಿದ್ದ ಕಿರಣದ ಬಹುಪಾಲನ್ನು ಹಾಗೇ ಮುಖಕ್ಕೆ ಹಿಂದಿರುಗಿಸುತ್ತದೆ. ಬಿಸಿಲಿಗೆ ತೊಗಲು ಸುಡುವ ಹಾಗೆ ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆ ಸುಡುತ್ತದೆ. ಸುಟ್ಟದ್ದು ಆ ಹೊತ್ತಿಗೆ ಗೊತ್ತಾಗುವುದಿಲ್ಲ, ಗಂಟೆಗಳು ಕಳೆದ ಮೇಲೆ ಕಣ್ಣಿಗೆ ಮರಳು ತುಂಬಿದಂತೆ ಶುರುವಾಗಿ ರೆಪ್ಪೆ ತೆರೆಯಲಾಗದ ನೋವು. ಟಿಬೆಟಿನವರು ಇದನ್ನು ತಲೆಮಾರುಗಳಿಂದ ಬಲ್ಲರು. ಹಿಮದ ಘಾಟಿ ದಾಟುವ ವ್ಯಾಪಾರಿಗಳು ಯಾಕ್ ಕೂದಲಿನ ಜಾಲರಿಯನ್ನು ಹಣೆಯಿಂದ ಕಣ್ಣಿನ ಮೇಲೆ ಇಳಿಬಿಡುತ್ತಿದ್ದರು. ಅದಿಲ್ಲದವರು ತಲೆಗೂದಲನ್ನೇ ಮುಖದ ಮೇಲೆ ಎಳೆದುಕೊಳ್ಳುತ್ತಿದ್ದರು. ಅರ್ಧ ಕಾಣದಂತೆ ಮಾಡಿಕೊಂಡವರಿಗೆ ಮಾತ್ರ ಅಲ್ಲಿ ಕಣ್ಣು ಉಳಿಯುತ್ತಿತ್ತು.

ನಾರ್ಟನ್ ನಾರ್ತ್ ಕೋಲ್ ಡೇರೆಗೆ ಬಂದು ಮಲಗಿದ, ಏಳುವಾಗ ಕುರುಡ. ಸುಮಾರು 60 ತಾಸು ಅವನಿಗೆ ಏನೂ ಕಾಣಲಿಲ್ಲ. ಆ 60 ತಾಸಿನೊಳಗೇ, ಜೂನ್ 6ರ ಬೆಳಿಗ್ಗೆ, ಮ್ಯಾಲರಿಯೂ ಅರ್ವಿನ್ನನೂ ಕೊನೆಯ ಸಲ ಮೇಲಕ್ಕೆ ಹೊರಟರು. ನಾಯಕ ಅವರನ್ನು ಬೀಳ್ಕೊಟ್ಟದ್ದು ಮುಖ ನೋಡಿ ಅಲ್ಲ, ಕೈ ಮುಟ್ಟಿ. ಚಿತ್ರ ಬರೆಯುವವರು ಆ ಘಳಿಗೆಯನ್ನು ಬರೆದರೆ ಹಿಮ, ಡೇರೆ, ಗಡ್ಡ ಎಲ್ಲ ಬರೆದಾರು. ನನಗೆ ಬೇಕಾದದ್ದು ಆ ಕೈ. ಕೈಗವಸು ಇತ್ತೋ ತೆಗೆದಿದ್ದರೋ. ಮ್ಯಾಲರಿಯ ಬೆರಳು ಎಷ್ಟು ತಣ್ಣಗಿತ್ತು. ಅರ್ವಿನ್ನನಿಗೆ ಆಗ 22 ವರ್ಷ, ಯಂತ್ರಗಳನ್ನು ಬಿಚ್ಚಿ ಜೋಡಿಸುವ ಹುಡುಗ, ಕೈ ಒರಟಾಗಿದ್ದಿರಬೇಕು. ಆ ಇಬ್ಬರನ್ನು ಮುಟ್ಟಿ ಕಳಿಸಿದವನ ಅಂಗೈ ನೆನಪು ಯಾವ ಪುಸ್ತಕದಲ್ಲೂ ಇಲ್ಲ. ಬರೆಯುವವರಿಗೆಲ್ಲ ಕಣ್ಣಿತ್ತಲ್ಲ!

ಅದೇ ದಿನ ಡಾಕ್ಟರ್ ಹಿಂಗ್‌ಸ್ಟನ್ ಕೆಳಗಿನಿಂದ ಹತ್ತಿ ಬಂದ. ಕಾಣದ ನಾಯಕನನ್ನು ಹಿಮದ ಗೋಡೆಯ ಮೇಲೆ ಹೆಜ್ಜೆ ಹೆಜ್ಜೆಯಾಗಿ ಇಳಿಸಿ ಮೂರನೆಯ ಬಿಡಾರಕ್ಕೆ ತಂದರು. ಆ ಇಳಿಜಾರಿನಲ್ಲಿ ನೆಟ್ಟಗೆ ನಿಂತ ಹಿಮದ ಕೊಳವೆಯಂಥ ಒಂದು ಜಾಗವಿತ್ತು, ಅದಕ್ಕೆ ಅರ್ವಿನ್ ತಾನೇ ಹೆಣೆದ ಹಗ್ಗದ ಏಣಿ ಕಟ್ಟಿದ್ದ. ಏಣಿ ಕಟ್ಟಿದವನು ಮೇಲೆ ಹೋಗುತ್ತಿದ್ದಾನೆ, ಇವನು ಕಾಣದೆ ಕೆಳಗೆ ಇಳಿಯುತ್ತಿದ್ದಾನೆ. ಮೂರನೆಯ ಬಿಡಾರ ಇದ್ದದ್ದು ಪೂರ್ವ ರೊಂಗ್‌ಬುಕ್ಕಿನ ತಲೆಯಲ್ಲಿ, 6,400 ಮೀಟರಿನ ಆಸುಪಾಸಿನಲ್ಲಿ. ಇಂದು ಹತ್ತುವವರೆಲ್ಲ ‘ಎಬಿಸಿ’ ಅನ್ನುವ ಮುಂದಣ ತಳಶಿಬಿರವೂ ಅಲ್ಲಿಯೇ. ಲಾಸಾದ ಮಕ್ಕಳು ಮುಟ್ಟಿದ್ದೂ ಅಲ್ಲಿಗೇ. ಅವರಿಗಿಂತ 80 ವರ್ಷ ಮೊದಲು ಕಣ್ಣು ಕಾಣದೆ ಆ ಹಿಮದ ಮೇಲೆ ಕಾಲು ತಡವರಿಸಿದವನು ಬ್ರಿಟಿಷ್ ಸೈನ್ಯದ ಅಧಿಕಾರಿ.

ಮುಂದಿನ ಕಥೆ ಎಲ್ಲರಿಗೂ ಗೊತ್ತು. ಜೂನ್ 8ರ ಮಧ್ಯಾಹ್ನ 12.50ಕ್ಕೆ ಒಡೆಲ್ ಎಂಬ ಭೂವಿಜ್ಞಾನಿಗೆ ಮೋಡ ಸರಿದ ಒಂದು ಕ್ಷಣ ಮೇಲಿನ ಏಣಿನ ಮೇಲೆ ಎರಡು ಕಪ್ಪು ಚುಕ್ಕೆ ಕಂಡವು. ಮೋಡ ಮುಚ್ಚಿತು. ಅವರನ್ನು ಜೀವಂತ ಕಂಡ ಕೊನೆಯ ಕಣ್ಣು ಅದು. ಯಾವ ಬಂಡೆಯ ಮೇಲೆ ಕಂಡದ್ದು ಎಂಬ ಜಗಳ ನೂರು ವರ್ಷವಾದರೂ ತೀರಿಲ್ಲ, ಒಡೆಲ್ ತಾನೇ ಮುಂದೆ ಮಾತು ಹೊರಳಿಸಿದ. ಎರಡು ಚುಕ್ಕೆ! ನಮ್ಮ ಲಿಪಿಯಲ್ಲಿ ಎರಡು ಚುಕ್ಕೆ ಎಲ್ಲಿವೆ ಎಂಬುದು ಕೂದಲೆಳೆ ತಪ್ಪಿದರೆ ಅಕ್ಷರವೇ ಬೇರೆ. ಕರಡು ತಿದ್ದುವವನಾಗಿದ್ದರೆ ಒಡೆಲ್ಲನಿಗೆ ನಾನು ಎರಡನೆಯ ಸಲ ಓದು ಅನ್ನುತ್ತಿದ್ದೆ. 1999ರಲ್ಲಿ ಮ್ಯಾಲರಿಯ ದೇಹ ಸಿಕ್ಕಾಗ ಹಿಮದ ಕನ್ನಡಕ ಜೇಬಿನಲ್ಲಿತ್ತು. ಹಾಗಾದರೆ ಕತ್ತಲಾದ ಮೇಲೆ ಇಳಿಯುತ್ತಿದ್ದಿರಬೇಕು ಎಂದು ಹಲವರ ಊಹೆ. ಕತ್ತಲಲ್ಲಿ ಅವನೂ ನಮ್ಮವನೇ.

ಕಣ್ಣಿಲ್ಲದೆ ಬೇಕೆಂದೇ ಬೆಟ್ಟ ಹತ್ತಿದವರೂ ಹಿಂದೆ ಇದ್ದರು. ಜೇಮ್ಸ್ ಹೋಲ್ಮನ್ ಎಂಬ ಇಂಗ್ಲಿಷ್ ನೌಕಾಧಿಕಾರಿ 1821ರಲ್ಲಿ ಕೆರಳಿದ್ದ ವಿಸೂವಿಯಸ್ ಜ್ವಾಲಾಮುಖಿ ಏರಿದ. ಇನ್ನೊಬ್ಬ ಫ್ರಾನ್ಸಿಸ್ ಕ್ಯಾಂಪ್‌ಬೆಲ್. ಅಮೆರಿಕದ ಟೆನೆಸಿಯವ, ಬಾಲ್ಯದಲ್ಲೇ ಕಣ್ಣು ಹೋಗಿ ಸಂಗೀತ ಕಲಿತು, ಲಂಡನ್ನಿಗೆ ಬಂದು 1872ರಲ್ಲಿ ಕುರುಡರಿಗೆ ಸಂಗೀತ ಮತ್ತು ಪಿಯಾನೋ ಶ್ರುತಿ ಮಾಡುವ ವಿದ್ಯೆ ಕಲಿಸುವ ಕಾಲೇಜು ಕಟ್ಟುವುದರಲ್ಲಿ ಮುಂದಾಳಾದವ. 1880ರಲ್ಲಿ ಮೋಂಟ್ ಬ್ಲಾಂಕ್ ಹತ್ತಿದ. ಕುರುಡರ ಶಾಲೆಯ ಹೆಡ್‌ಮಾಸ್ತರನಿಗೂ ಬೆಟ್ಟಕ್ಕೂ ಅಲ್ಲೇ ಗಂಟು ಬಿದ್ದಿದೆ ನೋಡಿ.

ಸಂಗೀತ ಎಂದಾಗ ನನ್ನದೂ ಒಂದು ಮಾತು. ನಮ್ಮ ಕಡೆ ಹುಡುಗನಿಗೆ ಕಣ್ಣು ಹೋಯಿತೆಂದರೆ ಊರವರಿಗೆ ಹೊಳೆಯುತ್ತಿದ್ದದ್ದು ಒಂದೇ ಊರು, ಗದಗ. ಪಂಚಾಕ್ಷರ ಗವಾಯಿಗಳು ಕಟ್ಟಿ, 1944ರಲ್ಲಿ ಅವರು ತೀರಿಕೊಂಡ ಮೇಲೆ ಪುಟ್ಟರಾಜ ಗವಾಯಿಗಳು ಬೆಳೆಸಿದ ವೀರೇಶ್ವರ ಪುಣ್ಯಾಶ್ರಮ. ಇಬ್ಬರಿಗೂ ಕಣ್ಣಿರಲಿಲ್ಲ, ಪುಟ್ಟರಾಜರು ನಮ್ಮ ಹಾನಗಲ್ಲ ಸೀಮೆಯವರೇ. ಆಶ್ರಮದ ಮಕ್ಕಳ ಗಂಜಿಗಾಗಿ ನಾಟಕ ಕಂಪನಿ ಕಟ್ಟಿ ಊರೂರು ಸುತ್ತಿದವರು. ಅಪ್ಪನೂ ನನ್ನನ್ನು ಕರೆದುಕೊಂಡು ಹೊರಟಿದ್ದ. ಹೊರಡುವ ಮುಂಚೆ ನಮ್ಮೂರ ಭಜನೆ ಮಾಸ್ತರ ಪರೀಕ್ಷೆಗೆಂದು ‘ಸ’ ಹಿಡಿ ಅಂದ. ಹಿಡಿದೆ. “ಇವನನ್ನು ಸಾಲಿಗೆ ಹಾಕ್ರಿ” ಅಂದ. ಹೀಗೆ ನಾನು ಅಕ್ಷರಕ್ಕೆ ಬಂದೆ. ಹಾಡು, ಬೆತ್ತದ ಕುರ್ಚಿ, ಟಿಬೆಟ್ ಚೀನಾಗಳಲ್ಲಿ ಮೈ ತಿಕ್ಕುವ ಕೆಲಸ: ಕಣ್ಣಿಲ್ಲದವನಿಗೆ ಲೋಕ ಬಿಟ್ಟುಕೊಟ್ಟ ಉದ್ಯೋಗಗಳು ಎಲ್ಲ ದೇಶದಲ್ಲೂ ಬೆರಳೆಣಿಕೆಯವು. ಲಾಸಾದ ಶಾಲೆಯಲ್ಲೂ ಮಸಾಜು ಕಲಿಸುತ್ತಿದ್ದರು. ಆದರೆ ಮೊದಲು ಕಲಿಸಿದ್ದು ಓದು.

ಆ ಓದಿನ ಹುಟ್ಟು ನನಗೆ ಬೆಟ್ಟಕ್ಕಿಂತ ರುಚಿ. ಟಿಬೆಟಿನವರ ಪರಂಪರೆಯ ಮಾತು ಹೀಗಿದೆ: 7ನೆಯ ಶತಮಾನದಲ್ಲಿ ಸೊಂಗ್‌ತ್ಸೆನ್ ಗಂಪೊ ಎಂಬ ದೊರೆ ತೊನ್ಮಿ ಸಂಭೋಟ ಎಂಬ ಮಂತ್ರಿಯನ್ನು ಭಾರತಕ್ಕೆ ಕಳಿಸಿದ, ಅವನು ಇಲ್ಲಿಯ ಅಕ್ಷರ ಕಲಿತು ಹೋಗಿ ಅಲ್ಲಿಗೆ ಹೊಂದುವ ಲಿಪಿ ಮಾಡಿದ. ಕಥೆ ಹೇಗೇ ಇರಲಿ, ಲಿಪಿಯ ಬೇರು ಬ್ರಾಹ್ಮಿ ಎಂಬುದರಲ್ಲಿ ಅನುಮಾನವಿಲ್ಲ, ನಮ್ಮ ಕನ್ನಡದ್ದೂ ಅದೇ ಬೇರು. ಇದು ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ಹಾನಗಲ್ಲಿನಿಂದ ಮುಂಡಗೋಡಿಗೆ ಬಸ್ಸಿದೆ. ಮುಂಡಗೋಡಿನಲ್ಲಿ 1966ರಿಂದ ಟಿಬೆಟಿನವರ ಕ್ಯಾಂಪುಗಳಿವೆ, ಡ್ರೆಪುಂಗ್, ಗಾಡೆನ್ ಮಠಗಳನ್ನು ಅಲ್ಲಿ ಮತ್ತೆ ಕಟ್ಟಿಕೊಂಡಿದ್ದಾರೆ. ಒಂದು ಸಲ ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತವರ ಬಟ್ಟೆ ಉಣ್ಣೆಯದು, ಮೈಗೆ ಧೂಪದ ಮತ್ತು ಬೆಣ್ಣೆಯ ವಾಸನೆ. ಲಾಮಾ ಅಂತ ತಿಳಿಯಿತು. ಕನ್ನಡ ಚೆನ್ನಾಗಿಯೇ ಮಾತಾಡಿದರು, ಶಿಗ್ಗಾಂವಿ ಸಂತೆಯ ಕನ್ನಡ. ನಿಮ್ಮ ಅಕ್ಷರಮಾಲೆ ಹೇಗೆ ಅಂದೆ. ಅವರು ರಾಗವಾಗಿ ಶುರು ಮಾಡಿದರು: ಕ, ಖ, ಗ, ಙ. ಚ, ಛ, ಜ, ಞ. ತ, ಥ, ದ, ನ. ಪ, ಫ, ಬ, ಮ.

ನಾನು ಬಸ್ಸಿನಲ್ಲೇ ನಕ್ಕುಬಿಟ್ಟೆ. ನಮ್ಮ ಸಾಲಿ ಮಾಸ್ತರನ ಕೋಲಿನ ತಾಳಕ್ಕೆ ಹೇಳುತ್ತಿದ್ದದ್ದೇ ಅದು. ನಮ್ಮಲ್ಲಿ ಐದೈದರ ಸಾಲು, ಅವರಲ್ಲಿ ನಾಲ್ಕು ನಾಲ್ಕು. ‘ಘ’, ‘ಝ’ಗಳು ಬಿಸಿಲಿಗೆ ಒಣಗಿಹೋದಂತೆ ಇಲ್ಲ, ‘ಟ’ಕಾರದ ಸಾಲೇ ಇಲ್ಲ. ಒಟ್ಟು 30 ವ್ಯಂಜನ, ಸ್ವರದ ಗುರುತು ನಾಲ್ಕೇ. ನಮ್ಮ ಒತ್ತಕ್ಷರದ ಹಾಗೆ ಅವರದೂ ಒಂದರ ಕೆಳಗೊಂದು ಪೇರಿಸುವ ಬರಹ. ಲಾಸಾ ಅನ್ನುವ ಹೆಸರಿನ ಮೊದಲ ಅಕ್ಷರವೇ ಲ ಮತ್ತು ಹ ಒಂದರ ಮೇಲೊಂದು ಕೂತದ್ದು.

ಪೇರಿಸುವ ಬರಹವನ್ನು ಬೆರಳಿಗೆ ಇಳಿಸುವುದೇ ಕಷ್ಟ. ಬ್ರೈಲ್‌ನಲ್ಲಿ ಮೇಲೆ ಕೆಳಗೆ ಪೇರಿಸಲು ಜಾಗವಿಲ್ಲ. ಆರು ಚುಕ್ಕೆಯ ಮನೆ, ಪಕ್ಕದಲ್ಲಿ ಇನ್ನೊಂದು ಮನೆ, ಅಷ್ಟೇ. ಲೂಯಿ ಬ್ರೈಲ್ 1824ರಲ್ಲಿ, 15ರ ವಯಸ್ಸಿನಲ್ಲಿ, ಮಾಡಿದ ಈ ವ್ಯವಸ್ಥೆ ಭಾರತಕ್ಕೆ ಬಂದಾಗ ಒಂದೊಂದು ಶಾಲೆಯವರು ಒಂದೊಂದು ಥರ ಜೋಡಿಸಿಕೊಂಡಿದ್ದರು. ಒಬ್ಬನ ಪುಸ್ತಕ ಇನ್ನೊಬ್ಬನಿಗೆ ಓದಲಾಗುತ್ತಿರಲಿಲ್ಲ. 1951ರಲ್ಲಿ ಭಾರತಿ ಬ್ರೈಲ್ ಬಂದ ಮೇಲೆ ಎಲ್ಲ ಭಾಷೆಗೂ ಒಂದೇ ಲೆಕ್ಕವಾಯಿತು, ತಮಿಳಿನ ಕ, ಹಿಂದಿಯ ಕ, ನಮ್ಮ ಕ ಎಲ್ಲ ಒಂದೇ ಚುಕ್ಕೆ. ಒತ್ತಕ್ಷರಕ್ಕೆ ಒಂದು ಉಪಾಯ ಮಾಡಿದರು. ಮೊದಲಕ್ಷರದ ಮುಂದುಗಡೆ ನಾಲ್ಕನೆಯ ಚುಕ್ಕೆ ಇಟ್ಟರೆ ಅದರ ಸ್ವರ ಹೋಯಿತು, ಮುಂದಿನದಕ್ಕೆ ಅಂಟಿತು ಎಂದು ಅರ್ಥ. ‘ಅಕ್ಕ’ ಎಂಬ ಮಾತಿನಲ್ಲಿ ಎರಡು ಕಕಾರ ಅಕ್ಕಪಕ್ಕ ಕೂರುತ್ತವೆ, ನಡುವೆ ಜಗಳವಾಗದಂತೆ ಎದುರಿಗೆ ಆ ಒಂಟಿ ಚುಕ್ಕೆ.

ಟಿಬೆಟಿಗೆ ಆ ಭಾಗ್ಯ ಬಂದದ್ದು 1992ರಲ್ಲಿ, ಅದೂ ಜರ್ಮನಿಯ ಬಾನ್ ನಗರದಲ್ಲಿ. ಟೆನ್‌ಬರ್ಕೆನ್ ಆಗ ವಿಶ್ವವಿದ್ಯಾಲಯದಲ್ಲಿ ಟಿಬೆಟ್ ವಿಷಯ ಓದುತ್ತಿದ್ದ ವಿದ್ಯಾರ್ಥಿನಿ. 12ರ ಹೊತ್ತಿಗೆ ಕಣ್ಣು ಪೂರ್ತಿ ಹೋಗಿತ್ತು. ತರಗತಿಯಲ್ಲಿ ಕಣ್ಣಿದ್ದವರು ಲಿಪಿ ನೋಡಿ ಕಲಿಯುತ್ತಿದ್ದರೆ ಇವಳಿಗೆ ಓದಲು ಏನೂ ಇಲ್ಲ. ತನಗೆ ಬೇಕಲ್ಲ ಎಂದು ಕೂತು ತಾನೇ ಜೋಡಿಸಿದಳು. ಆಮೇಲೆ ಅವಳಿಗೆ ತಿಳಿಯಿತು, ಟಿಬೆಟಿನಲ್ಲೇ ಕುರುಡರಿಗೆ ಇಂಥದ್ದೊಂದು ಇಲ್ಲ ಎಂದು. ಪರೀಕ್ಷೆಗೆ ಮಾಡಿಕೊಂಡ ಟಿಪ್ಪಣಿ ಒಂದು ನಾಡಿನ ಅಕ್ಷರವಾಯಿತು. ಬ್ರೈಲ್ ಕೆಲಸದಲ್ಲಿ ಬದುಕು ಕಳೆದ ನನಗೆ ಇದಕ್ಕಿಂತ ಚೆಂದದ ಕಥೆ ಬೇರೆ ಗೊತ್ತಿಲ್ಲ. ಅವಳು ಜರ್ಮನ್ ಬ್ರೈಲ್‌ನ ನೆಲೆಯ ಮೇಲೆ ಕಟ್ಟಿದ್ದರಿಂದ ಟಿಬೆಟಿನ ಕ ಒಂದನೆಯ ಮತ್ತು ಮೂರನೆಯ ಚುಕ್ಕೆ. ನಮ್ಮ ಕ ಕೂಡ ಒಂದು ಮತ್ತು ಮೂರು. ಎಷ್ಟೋ ಶತಮಾನಗಳ ಹಿಂದೆ ಒಂದೇ ಬೇರಿನಿಂದ ಕವಲೊಡೆದು, ಕಣ್ಣಿಗೆ ಗುರುತೇ ಸಿಗದಷ್ಟು ಬೇರೆಯಾದ ಎರಡು ಅಕ್ಷರ ಬೆರಳಿನ ತುದಿಯಲ್ಲಿ ಮತ್ತೆ ಒಂದಾಗಿವೆ. ಬಾನಿನ ಹುಡುಗಿಯಾಗಲಿ ಭಾರತಿ ಬ್ರೈಲ್ ಮಾಡಿದವರಾಗಲಿ ಇದನ್ನು ಯೋಚಿಸಿ ಮಾಡಿದ್ದಲ್ಲ.

1997ರಲ್ಲಿ ಅವಳು ಒಬ್ಬಳೇ ಟಿಬೆಟಿಗೆ ಹೋಗಿ ಕುದುರೆ ಹತ್ತಿ ಹಳ್ಳಿ ಹಳ್ಳಿ ತಿರುಗಿದಳು. ಹಾಸಿಗೆಗೆ ಕಟ್ಟಿಹಾಕಿದ ಮಕ್ಕಳು, ಮೂಲೆಯಲ್ಲಿ ಕೂತು ಕೂತು ನಡೆಯಲೇ ಕಲಿಯದ ಮಕ್ಕಳು ಸಿಕ್ಕರು. ಹಿಂದಿನ ಜನ್ಮದ ಪಾಪ ಎಂಬ ಮಾತು ಅಲ್ಲಿಯೂ ಉಂಟು. ನಮ್ಮ ಓಣಿಯಲ್ಲಿ ನನಗೂ ಅಂದವರಿದ್ದರು, ಆದ್ದರಿಂದ ಟಿಬೆಟಿನವರನ್ನೇ ದೂರಲಾರೆ. ಕಾರಣಗಳು ನೆಲದವು: ಎತ್ತರದ ಬಿಸಿಲು, ಮುಚ್ಚಿದ ಮನೆಯೊಳಗೆ ಸೆಗಣಿ ಬೆಂಕಿಯ ಹೊಗೆ, ಎ ಜೀವಸತ್ವದ ಕೊರತೆ, ತೆಗೆಸದೆ ಉಳಿದ ಪೊರೆ. ಮರುವರ್ಷ, ಪೌಲ್ ಕ್ರೋನೆನ್‌ಬರ್ಗ್ ಎಂಬ ಡಚ್ ಎಂಜಿನಿಯರ್ ಜೊತೆಗೂಡಿ, ಲಾಸಾದಲ್ಲಿ ಶಾಲೆ ತೆರೆದರು. 1901ರಲ್ಲಿ ಮೈಸೂರಿನಲ್ಲಿ ಕಿವುಡ ಮತ್ತು ಕುರುಡ ಮಕ್ಕಳಿಗೆ ಶಾಲೆ ಶುರುವಾಗಿತ್ತು. ಲಾಸಾ ನಮ್ಮಿಂದ ಸುಮಾರು ನೂರು ವರ್ಷ ಹಿಂದೆ. ಚಿತ್ರದಲ್ಲಿ ಆ ಶಾಲೆಯ ಮಕ್ಕಳು ಕೋಲು ಹಿಡಿದು ಪೇಟೆಯಲ್ಲಿ ನಡೆಯುವಾಗ ದಾರಿಹೋಕರು ಶಪಿಸುವ ಒಂದು ದೃಶ್ಯವಿದೆ. ಸೊಸೆ ಅಡಿಬರಹ ಓದದೆ ಸುಮ್ಮನಾದಳು. “ಏನಂದರು?” ಅಂದೆ. “ಬ್ಯಾಡ ಮಾಮಾ.” ದನಿಯಿಂದಲೇ ನನಗೆ ತಿಳಿದಿತ್ತು.

ವೈಹೆನ್‌ಮೇಯರನ ಎವರೆಸ್ಟ್ ಸುದ್ದಿಯನ್ನು ಟೆನ್‌ಬರ್ಕೆನ್ ಮಕ್ಕಳಿಗೆ ಹೇಳಿದ್ದಳು, ಅವನಿಗೆ ಪತ್ರವನ್ನೂ ಬರೆದಿದ್ದಳು. ಅವನು ಬಂದ, ಹಗ್ಗ, ಬೂಟು, ಊರುಗೋಲು ಅಭ್ಯಾಸ ಮಾಡಿಸಿದ. ಮುಂದಿನವನ ಚೀಲಕ್ಕೆ ಗಂಟೆ ಕಟ್ಟುವ ಉಪಾಯ ಅವನದೇ ರೂಢಿ. ಇದು ನನಗೆ ಹೊಸದಲ್ಲ. ನಾನು ಹುಡುಗನಿದ್ದಾಗ ಹೊಲದಿಂದ ಮನೆಗೆ ಬರುತ್ತಿದ್ದದ್ದೂ ಚಕ್ಕಡಿಯ ಹಿಂದೆ, ಎತ್ತಿನ ಗೆಜ್ಜೆ ಹಿಡಿದು. ಗೆಜ್ಜೆಯ ದನಿ ತಗ್ಗಿದರೆ ಇಳಿಜಾರು ಬಂತು, ಎತ್ತು ಹೆಜ್ಜೆ ಬದಲಿಸಿದರೆ ಹಳ್ಳ. ಹತ್ತುವವರ ಗಂಟೆಯಲ್ಲೂ ಅದೇ ಭಾಷೆ: ದನಿ ಮೇಲಿನಿಂದ ಬಂದರೆ ಮೆಟ್ಟಿಲು, ಪಕ್ಕಕ್ಕೆ ಸರಿದರೆ ತಿರುವು.

ರೊಂಗ್‌ಬುಕ್ ತಳಶಿಬಿರ 5,200 ಮೀಟರು, ಅಲ್ಲಿಂದ ಮುಂದಣ ಶಿಬಿರಕ್ಕೆ 20 ಕಿಲೋಮೀಟರಿಗೂ ಮೇಲ್ಪಟ್ಟ ಕಲ್ಲುದಾರಿ. ಹೋಗುತ್ತ ಹೋಗುತ್ತ ತಲೆನೋವು, ವಾಂತಿ. ತೆಳುಗಾಳಿಯ ಬಾಧೆಗೆ ಕಣ್ಣಿದ್ದವ, ಇಲ್ಲದವ ಎಂಬ ಭೇದವಿಲ್ಲ. ಆರರಲ್ಲಿ ಮೂವರನ್ನು ಕೆಳಗೆ ಇಳಿಸಬೇಕಾಯಿತು. ಉಳಿದವರನ್ನು ತುದಿಗೆ ಕರೆದೊಯ್ಯಬೇಕೋ ಬೇಡವೋ ಎಂದು ಡೇರೆಯೊಳಗೆ ದೊಡ್ಡವರ ವಾದ. ಹತ್ತುವವರು ಹೇಳುತ್ತಾರೆ, ಶಿಖರ ಮುಟ್ಟಿದರೆ ಈ ಮಕ್ಕಳಿಗೆ ಸಿಗುವ ಹೆಮ್ಮೆ ಬೇರೆ. ಟೆನ್‌ಬರ್ಕೆನ್ ಹೇಳುತ್ತಾಳೆ, ಒಟ್ಟಿಗೆ ಬಂದವರು ಒಟ್ಟಿಗೆ ಇರಲಿ, ತುದಿಯ ಗೀಳು ನಿಮ್ಮದು. ಕೊನೆಗೆ ಯಾರೂ ಲಕ್ಪಾ ರಿಯ ತುದಿಗೆ ಹೋಗಲಿಲ್ಲ.

ನಾನು ಕಿವಿಯಿಟ್ಟು ಕೇಳಿದ್ದು ಈ ವಾದವನ್ನೇ. ಯಾರ ಪಕ್ಷ ಎಂದರೆ ಮುಕ್ಕಾಲು ಪಾಲು ಅವಳದು. ತುದಿ ಎಂಬುದು ನೋಟದವರ ಮಾತು, ಅಲ್ಲಿ ನಿಂತು ಕೆಳಗೆ ನೋಡಲಿಕ್ಕೆ ಇರುವ ಜಾಗ. ಉಳಿದ ಕಾಲು ಪಾಲು ಮಾತ್ರ ವೈಹೆನ್‌ಮೇಯರನ ಕಡೆಗೆ ವಾಲುತ್ತದೆ. “ನಿನಗ್ಯಾಕಪ್ಪ ಅದು” ಎಂಬ ಮಾತನ್ನು ನಾನು ಜೀವಮಾನವಿಡೀ ಕೇಳಿದ್ದೇನೆ, ಪ್ರೀತಿಯಿಂದ ಅಂದವರ ಬಾಯಲ್ಲೂ. ವೈಹೆನ್‌ಮೇಯರ್ ಕೂಡ ಕೇಳಿಯೇ ಬೆಳೆದವ. ಹಾಗೆ ಅಂದವರಿಗೆ ಉತ್ತರ ಕೊಡಲು ತುದಿಗಿಂತ ಗಟ್ಟಿಯಾದ್ದು ಏನಿದೆ? ದೊಡ್ಡವರು ಇಂಗ್ಲಿಷಿನಲ್ಲಿ ವಾದಿಸುವಾಗ ಪಕ್ಕದ ಡೇರೆಯಲ್ಲಿ ಟಿಬೆಟಿ ಮಾತಾಡುವವರು ಮಲಗಿದ್ದರು ಎಂಬುದು ನನ್ನನ್ನು ಕೊರೆಯುತ್ತದೆ.

ಚಿತ್ರ 2007ರ ಬರ್ಲಿನ್ ಉತ್ಸವದಲ್ಲಿ ಪ್ರೇಕ್ಷಕರ ಬಹುಮಾನ ಪಡೆಯಿತು. ಟೆನ್‌ಬರ್ಕೆನ್, ಕ್ರೋನೆನ್‌ಬರ್ಗ್ ಆಮೇಲೆ ದಕ್ಷಿಣಕ್ಕೆ ಇಳಿದು ತಿರುವನಂತಪುರದ ವೆಳ್ಳಾಯಣಿ ಕೆರೆಯ ದಂಡೆಯಲ್ಲಿ, ಬೇರೆ ಬೇರೆ ದೇಶದಲ್ಲಿ ಇಂಥ ಕೆಲಸ ಶುರು ಮಾಡುವವರಿಗೆ ತರಬೇತಿ ಕೊಡುವ ಸಂಸ್ಥೆ ಕಟ್ಟಿದರು. ಅದರ ಹೆಸರು ‘ಕಾಂತಾರಿ’. ಮಲಯಾಳದಲ್ಲಿ ಅದು ಹಿತ್ತಲಲ್ಲಿ ತಾನಾಗಿ ಹುಟ್ಟುವ ಪುಟ್ಟ ಮೆಣಸಿನಕಾಯಿ, ಖಾರ ವಿಪರೀತ. ನಮ್ಮ ಕರಾವಳಿಯವರಿಗೆ ಅದೇ ಗಾಂಧಾರಿ ಮೆಣಸು. ಕಣ್ಣಿದ್ದೂ ಪಟ್ಟಿ ಕಟ್ಟಿಕೊಂಡ ರಾಣಿಯ ಹೆಸರು! ಟೆನ್‌ಬರ್ಕೆನ್‌ಗೆ ಕನ್ನಡ ಬಂದಿದ್ದರೆ ಈ ಹೆಸರು ಇಡುತ್ತಿದ್ದಳೋ ಬಿಡುತ್ತಿದ್ದಳೋ. ಅಲ್ಲಿಂದ ನಾಗರಕೋವಿಲಿನ ಕಡೆ ಹೋದರೆ ನೆಯ್ಯೂರು. ನಾರ್ಟನ್ನನ ಜೊತೆ ಹತ್ತಿ ಗಂಟಲು ಕಟ್ಟಿ ಕೂತಿದ್ದನಲ್ಲ ಡಾಕ್ಟರ್ ಸಾಮರ್ವೆಲ್, ಅವನು ಇಂಗ್ಲೆಂಡಿನ ದೊಡ್ಡ ಕೆಲಸ ಬಿಟ್ಟು ವರ್ಷಾನುಗಟ್ಟಲೆ ಶಸ್ತ್ರಚಿಕಿತ್ಸೆ ಮಾಡಿದ ಮಿಷನ್ ಆಸ್ಪತ್ರೆ ಇದ್ದದ್ದು ಆ ಊರಲ್ಲಿ. ಆ ಬೆಟ್ಟ ಹತ್ತಿದವರು ಕೊನೆಗೆ ತೆಂಗಿನ ತೋಟಕ್ಕೆ ಇಳಿದು ಬರುವುದು ಯಾಕೋ ತಿಳಿಯದು. ತುದಿ ಮುಟ್ಟಿದವರೂ ಇದ್ದಾರೆ. 2025ರ ಮೇ ತಿಂಗಳಲ್ಲಿ ಹಿಮಾಚಲದ ಕಿನ್ನೌರಿನ ಛೋಂಜಿನ್ ಅಂಗ್ಮೊ ಎವರೆಸ್ಟ್ ಮುಟ್ಟಿದ ಸುದ್ದಿಯನ್ನು ಫೋನು ಓದಿ ಹೇಳಿತು. ಕಣ್ಣು ಹೋದದ್ದು ಅವಳಿಗೂ ಬಾಲ್ಯದಲ್ಲೇ.

ಚಿತ್ರದಲ್ಲಿ, ತುದಿಗೆ ಹೋಗದ ಆ ಮಕ್ಕಳು ಶಿಬಿರದ ಬಳಿಯೇ ಹಿಮನದಿಯ ನಡುವೆ ಒಂದು ಜಾಗಕ್ಕೆ ಹೋಗುತ್ತಾರೆ. ಗೋಪುರದಂತೆ ನಿಂತ ಹಿಮದ ಕಂಬಗಳು. ಅಲ್ಲಿಗೆ ಬಂದಾಗ ಸೊಸೆ, “ಮಾಮಾ, ಎಲ್ಲಾ ನೀಲಿ, ಹಸಿರು, ಗಾಜಿನ ಹಂಗ ಐತಿ, ಮ್ಯಾಲ ಆಕಾಶ...” ಅಂತ ಶುರು ಮಾಡಿದಳು. ನಾನು ಅವಳ ಮೊಣಕೈ ಮುಟ್ಟಿ ಸುಮ್ಮನಿರಲು ಹೇಳಿದೆ. ಹಿಂದಕ್ಕೆ ಹೋಗಿ ಮತ್ತೆ ಹಾಕು ಅಂದೆ. ಹಾಕಿದಳು. ಹೊರಗೆ ಹುಬ್ಬಳ್ಳಿಯ ಮಳೆ ಶೀಟಿನ ಮೇಲೆ ಬೀಳುತ್ತಿತ್ತು, ಒಳಗೆ ಹಿಮದ ಮೇಲೆ ಕೈಗಳು ಓಡಾಡುತ್ತಿದ್ದವು, ಯಾರೋ ನಕ್ಕರು, ಏನೋ ಅಂದರು. ಅಡಿಬರಹ ಅವಳು ಓದಲಿಲ್ಲ, ನಾನೂ ಕೇಳಲಿಲ್ಲ.